ಅಮೆರಿಕನ್ ಸ್ಟೈಲ್ ಮನೆಗೆ ಸೂರು ಎಷ್ಟು ಅಡಿ?

ಹೋದ ವಾರ ಡಲ್ಲಾಸ್‌ನಿಂದ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ 14 ಫೋಟೋ ಕಳಿಸಿದ. ಮೂಡಿಗೆರೆ ಕಡೆಯವನು, ಅವರ ಮನೆಯವರೆಲ್ಲ ನನಗೆ ಗೊತ್ತು. ತೋಟದಲ್ಲಿ ಅಪ್ಪ-ಅಮ್ಮನಿಗೆ ಹೊಸ ಮನೆ ಕಟ್ಟಿಸಬೇಕು ಅಂತ ಅವನ ಆಸೆ. "ಅಕ್ಕಾ, ಎಲಿವೇಷನ್ ಮಾತ್ರ ಅಮೆರಿಕನ್ ಸ್ಟೈಲ್‌ನಲ್ಲೇ ಬರ್ಬೇಕು" ಅಂದ. ಎಲಿವೇಷನ್ ಅಂದರೆ ಹೊರಗಿನಿಂದ ಕಾಣುವ ಮನೆಯ ರೂಪ.

"ಯಾವ ಅಮೆರಿಕನ್ ಸ್ಟೈಲಪ್ಪ?" ಅಂತ ಕೇಳಿದೆ. ನಿಜವಾಗಿ ಗೊತ್ತಾಗದೆ ಕೇಳಿದ್ದು. ಅವನ ಫೋಟೋಗಳಲ್ಲೇ ಐದಾರು ಸ್ಟೈಲ್ ಇದ್ದವು. ಒಂದರಲ್ಲಿ ಚಪ್ಪಟೆ ತಾರಸಿ, ಗಾಜಿನ ಗೋಡೆ. ಇನ್ನೊಂದರಲ್ಲಿ ಒಂದೇ ಕಡೆಗೆ ಇಳಿಜಾರಾದ ಚಾವಣಿ. ಮತ್ತೊಂದರಲ್ಲಿ ದೊಡ್ಡ ಕಂಬ, ಕಮಾನು. ಚಿಕ್ಕಮಗಳೂರಿನಲ್ಲಿ ಕೂತು 22 ವರ್ಷದಿಂದ ಮನೆಗಳ ಪ್ಲಾನ್ ಬರೀತಿದ್ದೇನೆ. ಆ ದೇಶದ 1960ರಿಂದ ಈಚಿನ ಕಟ್ಟಡಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ನಮ್ಮನೆ ಕಥೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಾಫಿ ಗಿಡ ಸುಟ್ಟುಹೋದವು. ನಮ್ಮ ಕಾಫಿಗೆ ಕಂಡು ಕೇಳರಿಯದ ರೇಟು ಬಂತು. ಮುಂದಿನ ಬೇಸಿಗೆಯಲ್ಲಿ ಅಪ್ಪ ಮಂಗಳೂರು ಹೆಂಚು ಇಳಿಸಿ ಮೋಲ್ಡ್ ಹಾಕಿಸಿದರು. ಊರಿನಲ್ಲಿ ಅದೇ ಮೊದಲ ತಾರಸಿ ಮನೆ. ಎರಡು ಮಳೆಗಾಲ ಚೆನ್ನಾಗಿತ್ತು. ಮೂರನೇ ವರ್ಷ ಪುನರ್ವಸು ಮಳೆ ಹಿಡಿದು ಬಿಡಲಿಲ್ಲ. ದೇವರ ಕೋಣೆಯ ಮೂಲೆಯಲ್ಲಿ ಹಸಿ ಕಾಣಿಸಿತು, ಆಮೇಲೆ ನೀರು ತೊಟ್ಟಿಕ್ಕಿತು. ಅಮ್ಮ ದೀಪದ ಪಕ್ಕ ತಂಬಿಗೆ ಇಟ್ಟಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಟಾರು ಬಳಿಸಿದರು, ಪ್ಲಾಸ್ಟಿಕ್ ಹಾಸಿದರು. ಕೊನೆಗೆ ತಾರಸಿ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದಿಸಿದರು. ಈಗ ಮಲೆನಾಡಿನಲ್ಲಿ ಎಲ್ಲಿ ನೋಡಿದರೂ ಇದೇ ಅಲ್ವಾ? ಕೆಳಗೆ ಆರ್‌ಸಿಸಿ, ಮೇಲೆ ಶೀಟು. ಒಂದು ಮನೆಗೆ ಎರಡು ಚಾವಣಿಯ ದುಡ್ಡು.

ಅದಕ್ಕೇ ನಾನು ಯಾವ ಕಟ್ಟಡದ ಫೋಟೋ ನೋಡಿದರೂ ಮೊದಲು ಅದರ ನೆತ್ತಿ ನೋಡುತ್ತೇನೆ.

ಅಮೆರಿಕದಲ್ಲೂ ಒಂದು ಕಾಲದಲ್ಲಿ ದೊಡ್ಡವರೆಲ್ಲ ಇಳಿಜಾರು ಚಾವಣಿ ಕೈಬಿಟ್ಟಿದ್ದರು. ಕಟ್ಟಡ ಅಂದರೆ ಗಾಜು, ಉಕ್ಕು, ನೇರ ಗೆರೆ, ಮೇಲೆ ಚಪ್ಪಟೆ. ನ್ಯೂಯಾರ್ಕ್‌ನಲ್ಲಿ 1958ರಲ್ಲಿ ಮುಗಿದ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರ ಸೀಗ್ರಾಂ ಕಟ್ಟಡ ಆ ದಾರಿಯ ಶಿಖರ. ಕಡಿಮೆ ಇದ್ದಷ್ಟೂ ಹೆಚ್ಚು ಅನ್ನೋದು ಮೀಸ್ ಮಾತು. ಅದರ ಹೊರಮೈ ಮೇಲೆ ಉದ್ದಕ್ಕೂ ಕಂಚಿನ ಪಟ್ಟಿಗಳಿವೆ. ಅವು ಭಾರ ಹೊರುವುದಿಲ್ಲ. ಭಾರ ಹೊರುವ ಉಕ್ಕನ್ನು ಬೆಂಕಿಯ ಭಯಕ್ಕೆ ಕಾಂಕ್ರೀಟ್ ಒಳಗೆ ಮುಚ್ಚಲೇಬೇಕಿತ್ತು, ಹಾಗಾಗಿ ಉಕ್ಕು ಹೀಗಿದೆ ಅಂತ ತೋರಿಸಲು ಹೊರಗೆ ಕಂಚು ಹಚ್ಚಿದರು. ಅಲಂಕಾರ ಬೇಡ ಅಂದವರಿಗೂ ಅಲಂಕಾರ ಬೇಕಾಯಿತು. ಅದು ತಪ್ಪು ಅಂತ ನನಗೆ ಅನಿಸೋದಿಲ್ಲ.

ಮೀಸ್ ಅವರ ಆ ಮಾತಿಗೆ ಎದುರು ನಿಂತವರು ಇನ್ನೊಬ್ಬ ವಾಸ್ತುಶಿಲ್ಪಿ ರಾಬರ್ಟ್ ವೆಂಚುರಿ. ಕಡಿಮೆ ಅಂದರೆ ಬೇಜಾರು ಅಂದರು. ಫಿಲಡೆಲ್ಫಿಯಾದ ಚೆಸ್ಟ್‌ನಟ್ ಹಿಲ್‌ನಲ್ಲಿ ತಮ್ಮ ಅಮ್ಮನಿಗೆ ಅವರು ಕಟ್ಟಿಕೊಟ್ಟ ಮನೆ 1964ರಲ್ಲಿ ಮುಗಿಯಿತು. ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಮನೆಯಂತೆ ಮುಂದೆ ದೊಡ್ಡ ತ್ರಿಕೋನ. ಆದರೆ ಅದನ್ನು ನಡುವೆ ಸೀಳಿದ್ದಾರೆ. ಬಾಗಿಲ ಮೇಲೆ ತೆಳ್ಳಗೆ ಒಂದು ಕಮಾನಿನ ಪಟ್ಟಿ, ಬರೀ ಚೆಂದಕ್ಕೆ. ವಯಸ್ಸಾದ ಅಮ್ಮನಿಗೆ ಬೇಕಾದ ಕೋಣೆಗಳೆಲ್ಲ ಕೆಳಗೇ ಇವೆ. ಮಗ ಅಮ್ಮನಿಗಾಗಿ ಬರೆದ ಪ್ಲಾನ್ ಅದು, ಅದನ್ನೇ ಈಗಲೂ ಪ್ರಪಂಚದ ವಿದ್ಯಾರ್ಥಿಗಳು ಬಿಡಿಸಿ ಕಲಿಯುತ್ತಾರೆ. ಒಂದು ಬೇಸರ ಮಾತ್ರ ನನಗೆ ಹೋಗುವುದಿಲ್ಲ. 1991ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ವೆಂಚುರಿ ಒಬ್ಬರಿಗೇ ಕೊಟ್ಟರು. ಪಕ್ಕದಲ್ಲೇ ಕೂತು ದುಡಿದ ಹೆಂಡತಿ ಡೆನಿಸ್ ಸ್ಕಾಟ್ ಬ್ರೌನ್ ಹೆಸರು ಸೇರಿಸಲಿಲ್ಲ. 2013ರಲ್ಲಿ ಸಾವಿರಾರು ಜನ ಸಹಿ ಹಾಕಿ ಕೇಳಿದರೂ ಸೇರಿಸಲಿಲ್ಲ.

1984ರ ಹೊತ್ತಿಗೆ ಆ ತ್ರಿಕೋನ ಆಕಾಶಕ್ಕೇ ಏರಿತು. ಮೀಸ್ ಜೊತೆ ಸೀಗ್ರಾಂ ಕೆಲಸ ಮಾಡಿದ್ದ ಫಿಲಿಪ್ ಜಾನ್ಸನ್ ಅವರೇ ನ್ಯೂಯಾರ್ಕ್‌ನ ಎಟಿ ಅಂಡ್ ಟಿ ಕಂಪನಿಗೆ 37 ಮಹಡಿ ಕಟ್ಟಿ, ಹಳೇ ಬೀರುವಿನ ತಲೆಯ ಹಾಗೆ ಮೇಲೆ ತ್ರಿಕೋನ ಕೂರಿಸಿದರು. ಗಾಜಿನ ಬದಲು ಗುಲಾಬಿ ಗ್ರಾನೈಟ್ ಹೊದಿಸಿದರು.

ನಮ್ಮ ಹುಡುಗ ಮೆಚ್ಚಿದ ಒಂದೇ ಇಳಿಜಾರಿನ ಮನೆಯ ಬೇರು ಕ್ಯಾಲಿಫೋರ್ನಿಯಾದ ಸೀ ರ‍್ಯಾಂಚ್‌ನಲ್ಲಿದೆ. ನನಗೆ ತುಂಬಾ ಇಷ್ಟದ ಜಾಗ, ಫೋಟೋದಲ್ಲಿ ನೋಡಿದ್ದಷ್ಟೇ. ಸಮುದ್ರದ ದಂಡೆ, ಹಗಲೂ ರಾತ್ರಿ ಗಾಳಿ. ಮನೆ ಕಟ್ಟುವ ಮೊದಲು ಭೂದೃಶ್ಯ ವಿನ್ಯಾಸಕ ಲಾರೆನ್ಸ್ ಹಾಲ್ಪ್ರಿನ್ ಅಲ್ಲಿನ ಗಾಳಿಯನ್ನೇ ಕೂತು ಓದಿದರು. ಗಾಳಿಗೆ ಮರಗಳು ಹೇಗೆ ಬಾಗಿವೆ ಅಂತ ನೋಡಿದರು. ಆಮೇಲೆ ಚಾರ್ಲ್ಸ್ ಮೂರ್ ಮತ್ತು ಅವರ ಜೊತೆಗಾರರು 1965ರಲ್ಲಿ ಹತ್ತು ಮನೆಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದರು. ಚಾವಣಿ ಒಂದೇ ಕಡೆ ಇಳಿಜಾರು, ಗಾಳಿ ಅದರ ಮೇಲೆ ಜಾರಿ ಹೋಗಲಿ ಅಂತ. ಸೂರು, ಅಂದರೆ ಚಾವಣಿಯ ಅಂಚು, ಗೋಡೆಯಿಂದ ಮುಂದೆ ಚಾಚಿಲ್ಲ, ಚಾಚಿದ್ದರೆ ಗಾಳಿ ಎತ್ತುತ್ತಿತ್ತು. ಗೋಡೆಗೆ ಆ ಕಡೆಯ ಹಳೇ ಕೊಟ್ಟಿಗೆಗಳ ಹಾಗೆ ರೆಡ್‌ವುಡ್ ಹಲಗೆ. 1970ರ ದಶಕದಲ್ಲಿ ಇದನ್ನೇ ದೇಶದ ತುಂಬ ನಕಲು ಮಾಡಿದರು. ಆ ಗಾಳಿ ಇಲ್ಲದ ಕಡೆಯೂ ಕಟ್ಟಿದರು.

"ಈ ಮನೆಗೆ ಸೂರಿಲ್ಲ ನೋಡು" ಅಂದೆ ಹುಡುಗನಿಗೆ. "ಅಲ್ಲಿ ಗಾಳಿಗೆ ಹಾಗೆ ಮಾಡಿದ್ದಾರೆ. ನಿಮ್ಮಲ್ಲಿ ಮಳೆ ಅಡ್ಡ ಹೊಡೆಯುತ್ತೆ. ಗೋಡೆ ಪೂರ್ತಿ ನೆನೆಯುತ್ತೆ."

"ಹೊರಗಡೆ ಒಳ್ಳೆ ಪೇಂಟ್ ಹೊಡೆಸಿದ್ರೆ ಆಗಲ್ವಾ ಅಕ್ಕ?" ಅಂದ.

ಆಗ ಪೋರ್ಟ್‌ಲ್ಯಾಂಡ್ ವಿಷಯ ಹೇಳಿದೆ. ಅದೂ ಮಳೆ ಊರು. ಮೈಕೆಲ್ ಗ್ರೇವ್ಸ್ 1982ರಲ್ಲಿ ಅಲ್ಲಿನ ನಗರಾಡಳಿತಕ್ಕೆ 15 ಮಹಡಿಯ ಕಚೇರಿ ಕಟ್ಟಿದರು. ಬಣ್ಣ ಬಣ್ಣದ ಗೋಡೆ, ಗೋಡೆಯ ಮೇಲೆ ಕಂಬದ ಆಕಾರ, ಚಿಕ್ಕ ಚಿಕ್ಕ ಕಿಟಕಿ. ಚಪ್ಪಟೆ ಡಬ್ಬಿಗಳಿಂದ ಸಾಕಾಗಿದ್ದ ಜನ ತಿರುಗಿ ನೋಡುವ ಹಾಗಿತ್ತು. ನನಗೂ ಅದರ ಧೈರ್ಯ ಇಷ್ಟ. ಆದರೆ ಗೋಡೆಯಿಂದ ನೀರು ಒಳಗೆ ಬರತೊಡಗಿತು. ಕೊನೆಗೆ ಇಡೀ ಕಟ್ಟಡಕ್ಕೆ ಅಲ್ಯೂಮಿನಿಯಂ ಹೊದಿಕೆ ಹಾಕಿದರು, ಆ ಕೆಲಸ ಮುಗಿದದ್ದು 2020ರಲ್ಲಿ. ನಾವು ತಾರಸಿ ಮೇಲೆ ಶೀಟು ಹಾಕಿದ ಹಾಗೇ.

ಶೀಟು ಅಂದಾಗ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ನೆನಪಾಗುತ್ತಾರೆ. 1978ರಲ್ಲಿ ಸಾಂಟಾ ಮೋನಿಕಾದ ತಮ್ಮ ಹಳೇ ಮನೆಯನ್ನು ಕೆಡವದೆ ಅದರ ಸುತ್ತ ಅಲೆಅಲೆ ತಗಡು, ಪ್ಲೈವುಡ್, ಬೇಲಿಗೆ ಹಾಕುವ ತಂತಿ ಬಲೆ ಸುತ್ತಿದರು. ಅಕ್ಕಪಕ್ಕದವರಿಗೆ ಸಿಟ್ಟು ಬಂತು. ಹೊಸ ಅಡುಗೆಮನೆಯ ನೆಲ ಟಾರು. ಹಳೇ ಮನೆಯ ಗೋಡೆ ಹೊಸ ಮನೆಯ ಒಳಗೆ ಹಾಗೇ ಕಾಣುತ್ತದೆ. ನಮ್ಮ ತೋಟದ ಕೆಲಸಗಾರರ ಲೈನ್ ಮನೆ, ಕಾಫಿ ಗೋದಾಮುಗಳ ತಗಡನ್ನು ಕೀಳಾಗಿ ನೋಡುವವರಿಗೆ ನಾನು ಈ ಮನೆಯ ಫೋಟೋ ತೋರಿಸುತ್ತೇನೆ.

ಹುಡುಗನಿಗೆ ಹಿಡಿಸಿದ್ದೂ ಇದೇ. "ಹಳೇ ಮನೆ ಕೆಡವದೇನೇ ಮಾಡಬಹುದಾ?" ಅಂದ. ಮಾರನೇ ದಿನ ತೋಟಕ್ಕೆ ಹೋಗಿ ಅಳತೆ ತಗೊಂಡೆ. ತೊಲೆಗಳು ಗಟ್ಟಿ ಇವೆ. ಹೆಂಚು ಹೊರುವ ಪಕಾಸಿ, ರೀಪು ಮಾತ್ರ ಅರ್ಧದಷ್ಟು ಬದಲಿಸಬೇಕು. ಜಗಲಿಯನ್ನು ಹಾಗೇ ಉಳಿಸಿ, ಹಿಂದುಗಡೆಗೆ ದೊಡ್ಡ ಕಿಟಕಿಗಳ ಹೊಸ ಹಾಲ್ ಬರೆದೆ. ಅಮ್ಮನ ಮಲಗುವ ಕೋಣೆ ಕೆಳಗೇ. ಎರಡಕ್ಕೂ ಸೇರಿ ಹೆಂಚಿನ ಒಂದೇ ಚಾವಣಿ. ಸೂರು ಗೋಡೆಯಿಂದ ಮೂರು ಅಡಿ ಆಚೆ.

ಪ್ಲಾನ್ ನೋಡಿ ಅವನ ತಾಯಿ ಫೋನ್ ಮಾಡಿದರು. "ಮೂರಡಿ ಸಾಲಲ್ಲ ಮಗಾ, ನಾಲ್ಕು ಮಾಡು. ಮಳೆಗಾಲದಲ್ಲಿ ಸೌದೆ ಎಲ್ಲಿ ಜೋಡಿಸ್ಲಿ?"

ಇವತ್ತು ಬೆಳಿಗ್ಗೆ ನಾಲ್ಕು ಮಾಡಿದೆ.