ಅಮ್ಮ ನಕ್ಕ ಭಾನುವಾರ

ಭಾನುವಾರ, 13 ಜುಲೈ 2025

ಬೆಳಗ್ಗೆಯಿಂದ ಆಷಾಢದ ಗಾಳಿ. ಮಧ್ಯಾಹ್ನ ಊಟ ಮುಗಿಸಿ, ಅಮ್ಮನ ಪಕ್ಕ ಕೂತು ‘ಪುಷ್ಪಕ ವಿಮಾನ’ ಹಾಕಿದೆ. 1987ರ ಸಿನಿಮಾ. ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಲ್ಲೇ ತೆಗೆದದ್ದು. ಕಮಲ್ ಹಾಸನ್, ಅಮಲಾ ಇದ್ದಾರೆ. ಮೊದಲಿಂದ ಕೊನೆವರೆಗೂ ಮಾತೇ ಇಲ್ಲ. ಅದಕ್ಕೇ ಇದನ್ನು ಹುಡುಕಿದ್ದು.

ಅಮ್ಮನಿಗೆ ಎರಡು ವರ್ಷದಿಂದ ಕಿವಿ ಮಂದ. ಮಷೀನು ಇದೆ. ಆದರೆ ಟಿವಿ ಮುಂದೆ ಅದನ್ನು ಹಾಕಿಕೊಂಡರೆ ಮಾತು, ಸಂಗೀತ, ಒಳಗಿನ ಕುಕ್ಕರ್ ಎಲ್ಲ ಸೇರಿ ಬರೀ ಗದ್ದಲ ಅಂತಾಳೆ. ಅಳುವ ಸಿನಿಮಾ ಹೇಗೋ ನಡೆಯುತ್ತೆ. ಮುಖ ನೋಡಿದರೆ ವಿಷಯ ಗೊತ್ತಾಗುತ್ತೆ. ಹಾಸ್ಯದ್ದೇ ಕಷ್ಟ. ಒಂದು ಪದ ಕೈತಪ್ಪಿದರೆ ನಗುವೂ ಹೋಯಿತು. ನಾವೆಲ್ಲ ನಕ್ಕಾಗ “ಏನಂದ?” ಅಂತ ಕೇಳುತ್ತಿದ್ದಳು. ನಾವು ಹೇಳುವಷ್ಟರಲ್ಲಿ ಮುಂದಿನದು ಬಂದಿರುತ್ತಿತ್ತು. ಬರುಬರುತ್ತಾ ಕೇಳೋದನ್ನೇ ಬಿಟ್ಟಳು. ನಮ್ಮ ಮುಖ ನೋಡಿಕೊಂಡು ಸುಮ್ನೆ ನಗುತ್ತಿದ್ದಳು. ಆ ನಗು ನೋಡೋಕೆ ನನಗೆ ಆಗುತ್ತಿರಲಿಲ್ಲ.

ಹೋದ ತಿಂಗಳು ‘ಗಣೇಶನ ಮದುವೆ’ ಹಾಕಿದ್ದೆ. 1990ರದು, ಫಣಿ ರಾಮಚಂದ್ರ ಅವರದು. ವಠಾರದಲ್ಲಿ ದಿನಾ ಕಿತ್ತಾಡುವ ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್, ಪತ್ರದಲ್ಲಿ ತಾವು ಪ್ರೀತಿಸುತ್ತಿರೋದೂ ಒಬ್ಬರನ್ನೊಬ್ಬರೇ ಅಂತ ಗೊತ್ತಿಲ್ಲದೆ ಒದ್ದಾಡುವ ಕತೆ. ಅಮ್ಮ ಅದನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಅವತ್ತು ಒಂದು ಗಮನಿಸಿದೆ. ಮಾತು ಬರುವ ಮೊದಲೇ ಅಮ್ಮ ನಗುತ್ತಿದ್ದಳು. ಅನಂತ್ ನಾಗ್ ಹುಬ್ಬು ಏರಿಸಿದ ಕೂಡಲೇ ಅವಳ ಹೊಟ್ಟೆ ಕುಲುಕಾಡೋದು. ಕಿವಿಗೆ ಬೀಳದ ಮಾತು ಅವಳಿಗೆ ಬಾಯಿಪಾಠ ಆಗಿತ್ತು.

ಹೊಸ ಸಿನಿಮಾಗೆ ಆ ಅನುಕೂಲ ಇಲ್ಲ. ‘ಒಂದು ಮೊಟ್ಟೆಯ ಕಥೆ’ ನನಗೆ ತುಂಬಾ ಇಷ್ಟ. 2017ರಲ್ಲಿ ರಾಜ್ ಬಿ. ಶೆಟ್ಟಿ ಮಾಡಿದ್ದು. ತಲೆಗೂದಲು ಉದುರಿದ ಕನ್ನಡ ಮೇಷ್ಟ್ರು ಹೆಣ್ಣು ಹುಡುಕುವ ಕತೆ. ನಗಿಸುತ್ತಾ ನಗಿಸುತ್ತಾ ಗಂಟಲು ಕಟ್ಟಿಸುತ್ತೆ. ಆದರೆ ಅದರ ಅರ್ಧ ಸವಿ ಮಂಗಳೂರು ಕನ್ನಡದಲ್ಲಿದೆ. ನಾವು ನೋಡಿದ ಕಡೆ ಪರದೆಯ ಕೆಳಗೆ ಇಂಗ್ಲಿಷ್ ಸಾಲು ಮಾತ್ರ ಬರುತ್ತಿತ್ತು. ಕನ್ನಡ ಸಿನಿಮಾಗೆ ಕನ್ನಡದಲ್ಲೇ ಅಡಿಸಾಲು ಯಾಕೆ ಹಾಕಬಾರದು? ಅಮ್ಮನಿಗೆ ಕನ್ನಡ ಓದೋಕೆ ಬರುತ್ತೆ, ಕಣ್ಣು ಚೆನ್ನಾಗಿದೆ. ಅವಳ ಹಾಗೆ ಮನೆಮನೆಯಲ್ಲೂ ಇದ್ದಾರೆ. ಇದನ್ನು ಯಾರಾದರೂ ಮಾಡಲೇಬೇಕು.

ಇವತ್ತು ಆ ತೊಂದರೆಯೇ ಇರಲಿಲ್ಲ. ಅಮ್ಮ ಮಷೀನು ತೆಗೆದು ಡಬ್ಬಿಯಲ್ಲಿಟ್ಟು ಕೂತಳು. ಕೆಲಸವಿಲ್ಲದ ಹುಡುಗನೂ ಬೀದಿಯ ಭಿಕ್ಷುಕನೂ ಪೈಪೋಟಿಗೆ ಬಿದ್ದು ತಮ್ಮ ದುಡ್ಡು ತೋರಿಸಿಕೊಳ್ಳುತ್ತಾರಲ್ಲ, ಅಲ್ಲಿ ಭಿಕ್ಷುಕ ಗೆದ್ದಾಗ ಜೋರಾಗಿ ನಕ್ಕಳು. ಆಮೇಲೆ ಅದೇ ಭಿಕ್ಷುಕ ಸತ್ತು, ಜನ ಅವನ ದುಡ್ಡಿಗೆ ಮುಗಿಬಿದ್ದಾಗ “ಛೇ” ಅಂದಳು. ಎರಡೂ ನಾನು ಹೇಳಿಕೊಡದೆ, ಸರಿಯಾದ ಗಳಿಗೆಯಲ್ಲೇ.

ಆಮೇಲೆ ಬಂತು ಟೇಪ್ ರೆಕಾರ್ಡರ್ ಪ್ರಸಂಗ. ಆ ಹುಡುಗನ ಬಾಡಿಗೆ ಕೋಣೆ ಟಾಕೀಸಿನ ಪಕ್ಕದಲ್ಲಿ. ಸಿನಿಮಾದ ಹೊಡೆದಾಟದ ಸದ್ದಿನಲ್ಲೇ ಮಲಗಿ ಅವನಿಗೆ ರೂಢಿ. ಕುಡಿದು ಬಿದ್ದಿದ್ದ ಶ್ರೀಮಂತನೊಬ್ಬನನ್ನು ಕೂಡಿಹಾಕಿ, ಅವನ ಜಾಗದಲ್ಲಿ ದೊಡ್ಡ ಹೋಟೆಲ್ ಸೇರುತ್ತಾನೆ. ಮೆತ್ತನೆ ಹಾಸಿಗೆ, ಒಂದಿಷ್ಟೂ ಸದ್ದಿಲ್ಲ. ನಿದ್ದೆ ಹತ್ತಲ್ಲ. ಹೊರಳಾಡಿ ಸಾಕಾಗಿ, ಹಳೇ ಜಾಗಕ್ಕೆ ಹೋಗಿ ಆ ಗಲಾಟೆಯನ್ನೇ ಟೇಪಿನಲ್ಲಿ ಹಿಡಿದು ತರುತ್ತಾನೆ. ಅದನ್ನು ಹಾಕಿಕೊಂಡು ಮಗುವಿನ ಹಾಗೆ ಮಲಗುತ್ತಾನೆ.

ನಾನು ಅಮ್ಮನ ಕಡೆ ತಿರುಗಿದೆ. ಈ ಒಂದು ಕಡೆ ಸದ್ದು ಬೇಕೇ ಬೇಕಲ್ಲ, ಅರ್ಥ ಆಯ್ತೋ ಇಲ್ವೋ ಅಂತ. ಅಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು.

“ಟಾಕೀಸಿನ ಸದ್ದು ಅಲ್ವೇನೇ? ನಂಗೂ ಹೀಗೇ ಆಗಿತ್ತು ಕಣೇ. ಅರಸೀಕೆರೆಯಲ್ಲಿ ನಮ್ಮ ಮನೆ ಹಿಂದೇನೇ ರೈಲು ಓಡೋದು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ರೈಲಿಲ್ಲದೆ ಒಂದು ತಿಂಗಳು ನಿದ್ದೆ ಬರ್ಲಿಲ್ಲ. ಯಾರ ಹತ್ರ ಹೇಳೋದು?”

ನನಗೆ ನಲವತ್ತಾರು ವರ್ಷ. ಈ ಮಾತು ಇವತ್ತೇ ಕೇಳಿದ್ದು.

ಕೊನೆಯಲ್ಲಿ ಅಮಲಾ ಕಾರಿನಿಂದ ಎಸೆದ ಗುಲಾಬಿ ಅವನಿಗೆ ಸಿಗುತ್ತೆ, ಜೊತೆಗಿದ್ದ ಚೀಟಿ ಗಾಳಿಗೆ ಹಾರಿಹೋಗುತ್ತೆ. ಅಮ್ಮ ಕುರ್ಚಿಯಿಂದ ಅರ್ಧ ಎದ್ದು “ಅಯ್ಯೋ, ಹಿಡ್ಕೊಳೋ!” ಅಂತ ಕೂಗಿಬಿಟ್ಟಳು. ಹುಡುಗ ಹೂವು ಹಿಡಿದುಕೊಂಡು ಮತ್ತೆ ಕೆಲಸದ ಸಾಲಿನಲ್ಲಿ ನಿಂತ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆವು.

ಸಂಜೆ ಕಾಫಿ ಕುಡಿಯುವಾಗ ಅಮ್ಮನೇ ಬಾಲಣ್ಣನ ಮಾತು ತೆಗೆದಳು. ಬಾಲಣ್ಣ ಅಂದರೆ ನಟ ಟಿ. ಎನ್. ಬಾಲಕೃಷ್ಣ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ಮಾತು ಹಿಡಿಯುತ್ತಿದ್ದರು. ಆದರೂ ಅವರ ಮಾತು ಬೀಳಬೇಕಾದ ಗಳಿಗೆಗೆ ಸರಿಯಾಗಿ ಬೀಳುತ್ತಿತ್ತು. ‘ಬಂಗಾರದ ಮನುಷ್ಯ’ದ ರಾಚೂಟಪ್ಪನ ಒಂದೆರಡು ದೃಶ್ಯ ಫೋನಿನಲ್ಲಿ ಹಾಕಿಕೊಟ್ಟೆ. ಅಮ್ಮ ಕತೆ ನೋಡಲಿಲ್ಲ, ಬಾಲಣ್ಣನ ಕಣ್ಣನ್ನೇ ನೋಡುತ್ತಿದ್ದಳು. “ನೋಡು, ಹೇಗೆ ನೋಡ್ತಾರೆ” ಅಂತ ಎರಡು ಸಲ ಹೇಳಿದಳು.

ಮುಂದಿನ ಭಾನುವಾರಕ್ಕೆ ಚಾಪ್ಲಿನ್ ಅವರ ‘ಸಿಟಿ ಲೈಟ್ಸ್’ ಹುಡುಕಿಟ್ಟಿದ್ದೇನೆ. 1931ರದು. ಮಾತಿನ ಸಿನಿಮಾ ಬಂದಾಗಿತ್ತು, ಆದರೂ ಚಾಪ್ಲಿನ್ ಮಾತು ಸೇರಿಸಲಿಲ್ಲ. ಕಣ್ಣು ಕಾಣದ ಹೂ ಮಾರುವ ಹುಡುಗಿ, ಕಾರಿನ ಬಾಗಿಲು ಹಾಕಿದ ಸದ್ದು ಕೇಳಿ ಎದುರಿಗಿರುವ ಬಡವನನ್ನು ಸಾಹುಕಾರ ಅಂದುಕೊಳ್ಳುತ್ತಾಳೆ. ಇಡೀ ಕತೆ ಆ ಒಂದು ಸದ್ದಿನ ಮೇಲೆ ನಿಂತಿದೆ. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಆ ಬಾಗಿಲಿನ ಸದ್ದು ಅವಳಿಗೆ ಕಾಣುತ್ತಾ ಅಂತ ನೋಡಬೇಕು.