ಎಮ್ಯುಲೇಟರ್‌ನ್ಯಾಗ ಚೀಟ್ ಕೋಡ್ ಯಾಕ ಹತ್ತೂದಿಲ್ಲ?

ಹುಬ್ಬಳ್ಳಿ-ಧಾರವಾಡ ಕಡೆ ಟಿವಿ ಗೇಮ್ ಅಂದ್ರ ಮಾರಿಯೋನೇ. ಹಂಗಾಗಿ ಅದನ್ನೇ ಹಿಡಕೊಂಡು ಹೇಳ್ತೀನಿ.

ಎಮ್ಯುಲೇಟರ್ (ಹಳೇ ಟಿವಿ ಗೇಮ್ ಕಂಪ್ಯೂಟರ್, ಫೋನ್‌ನ್ಯಾಗ ಆಡಿಸೂ ಸಾಫ್ಟ್‌ವೇರ್) ನಡಿಸೂ ರೆಟ್ರೋಆರ್ಚ್ ಆ್ಯಪ್‌ನ್ಯಾಗ ಮೊದಲಿಗೆ ಆಟ ಚಾಲೂ ಮಾಡ್ರಿ. ಕ್ವಿಕ್ ಮೆನು, ಚೀಟ್ಸ್, ಹೊಸ ಚೀಟ್ ಸೇರಿಸ್ರಿ. ಅಲ್ಲಿ ಹ್ಯಾಂಡ್ಲರ್ (ಕೋಡ್ ಯಾವುದು ಓದಬೇಕು ಅನ್ನೂ ಆಯ್ಕೆ) ಅನ್ನೂದನ್ನ 'ಎಮ್ಯುಲೇಟರ್' ಅಂತ ಇಡ್ರಿ. ಭಾಳ ಮಂದಿ ಎಡವೂದು ಇಲ್ಲೇ. ಅದು 'ರೆಟ್ರೋಆರ್ಚ್' ಅಂತ ಇದ್ರ ಗೇಮ್ ಜೀನಿ (ಆಟದ ಕ್ಯಾಸೆಟ್‌ಗೆ ಹಚ್ಚೂ ಹಳೇ ಚೀಟ್ ಸಾಧನ) ಕೋಡ್ ಓದಂಗಿಲ್ಲ. ಸೂಪರ್ ಮಾರಿಯೋ ಬ್ರದರ್ಸ್‌ಗೆ ಮುಗಿಯದ ಲೈಫ್ ಬೇಕಂದ್ರ ಎಸ್-ಎಕ್ಸ್-ಐ-ಓ-ಪಿ-ಓ. ಓ ಅಂದ್ರ ಅಕ್ಷರ, ಸೊನ್ನೆ ಅಲ್ಲ. ಆಮ್ಯಾಲೆ 'ಅಪ್ಲೈ ಚೇಂಜಸ್' ಒತ್ತಬೇಕು, ಮರೀಬ್ಯಾಡ್ರಿ.

ಇಷ್ಟಾದ್ರೂ ಹತ್ತಲಿಲ್ಲಂದ್ರ ನಿಮ್ಮ ROM ಫೈಲ್ (ಕ್ಯಾಸೆಟ್‌ನಿಂದ ತಗದ ಆಟದ ನಕಲು) ಬ್ಯಾರೆ ಆವೃತ್ತಿದು ಇರಬಹುದು. ಗೇಮ್ ಜೀನಿ ಕೋಡ್ ಕಾರ್ಟ್ರಿಜ್‌ನ (ಕ್ಯಾಸೆಟ್‌ನ) ಒಂದು ಗೊತ್ತಾದ ಜಾಗದ ಬೈಟ್ (ಮಾಹಿತಿ ತುಣುಕು) ಬದಲಿಸ್ತದ. ಆ ಜಾಗ ಸರಿದ್ರ ಕೋಡ್ ವ್ಯರ್ಥ, ಇಲ್ಲಾ ಆಟಾನೇ ಹ್ಯಾಂಗ್. 'ನೂರು ಆಟ ಒಂದ್ರಾಗ' ಕ್ಯಾಸೆಟ್‌ನ ಫೈಲಿಗೆ ಕೋಡ್ ಹುಡುಕೂದೇ ದಂಡ. ಎಂಟು ಅಕ್ಷರದ ಕೋಡ್ ಹಳೇ ಬೈಟ್ ತಾಳೆ ನೋಡಿ ಬದಲಿಸ್ತದ, ಆರರದ್ದು ನೋಡೂದಿಲ್ಲ.

ಕೋಡ್ ಸಿಗಲಿಲ್ಲಾ? ಚೀಟ್ ಸರ್ಚ್ ಐತಿ, ಅಂದ್ರ ಆಟದ ಮೆಮೊರಿಯೊಳಗ ಅಂಕಿ ಹುಡುಕೂ ಸೌಲಭ್ಯ. ಆದ್ರ ಮಾರಿಯೋದಾಗ ಮೂರು ಲೈಫ್ ತೋರಿಸಿದ್ರೂ ಮೆಮೊರಿಯೊಳಗ ಇರೂದು 2. ಹಂಗಾಗಿ 3 ಹುಡುಕಬ್ಯಾಡ್ರಿ, ಒಂದು ಲೈಫ್ ಕಳಕೊಂಡು 'ಕಡಿಮಿ ಆಗೈತಿ' ಅಂತ ಸೋಸ್ರಿ.

ಅಚೀವ್‌ಮೆಂಟ್‌ನ (ಆಟದಾಗಿನ ಸಾಧನೆಗೆ ಸಿಗೂ ಗುರುತು) ಹಾರ್ಡ್‌ಕೋರ್, ಅಂದ್ರ ಬಿಗಿ ನಿಯಮದ ಮೋಡ್ ಚಾಲೂ ಇದ್ರ ಚೀಟ್ ನಡಿಯೂದೇ ಇಲ್ಲ. ಪ್ರಯೋಗಕ್ಕ ಮೊದಲ ಸೇವ್ ಸ್ಟೇಟ್ (ಆಟದ ಆ ಕ್ಷಣದ ನಕಲು) ಬ್ಯಾರೆ ಸ್ಲಾಟ್‌ನ್ಯಾಗ ಇಟ್ಕೊಳ್ರಿ.