ದರಕ್ಕಿಂತ ಮೊದಲು ಬಿಸಿಲು ಕೇಳಬೇಕಿತ್ತು

ಬೆಂಗಳೂರಿನ ಒಂದು ಊದುಬತ್ತಿ ಕಾರ್ಖಾನೆಗೆ ಕಚ್ಚಾ ಮಾಲು ಕೊಳ್ಳುವುದು ನನ್ನ ಕೆಲಸ. ಇದ್ದಿಲು ಪುಡಿ, ಜಿಗಟು, ಸುಗಂಧ ಎಣ್ಣೆ, ಮುಖ್ಯವಾಗಿ ಬಿದಿರಿನ ಕಡ್ಡಿ. ಕೈಯಲ್ಲಿ ಹೊಸೆಯುವ ಬತ್ತಿಗೆ ತ್ರಿಪುರದ ಚೌಕ ಕಡ್ಡಿ ಸಾಕು. ಮೆಷಿನ್‌ಗೆ ಮಾತ್ರ ದುಂಡಗಿನ, ಒಂದೇ ದಪ್ಪದ ಕಡ್ಡಿ ಬೇಕು. ಅದನ್ನು ನಾವು ವಿಯೆಟ್ನಾಂನಿಂದ ತರಿಸುತ್ತಿದ್ದೆವು.

ಒಂದು ವರ್ಷ ಮಾರ್ಚ್ ಕೊನೆಗೆ ಬಂದ ಕಂಟೇನರ್‌ನ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಹೊಡೆಯಿತು. ಕಟ್ಟುಗಳ ಒಳಗೆಲ್ಲ ಬೂಷ್ಟು. ಚೆನ್ನಾಗಿ ಕಂಡ ಕಡ್ಡಿಯೂ ಬಾಗಿ ಮೆಷಿನ್‌ನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸರಿಯಾಗಿ ಒಣಗಿಸದೆ ಮೋಸ ಮಾಡಿದ್ದಾರೆ ಎಂದು ನಾನು ಖಾರವಾಗಿ ಮೇಲ್ ಬರೆದೆ, ಬಿಲ್ಲಿನಲ್ಲಿ ದುಡ್ಡು ಹಿಡಿದೆ. ‘ಒಮ್ಮೆ ಹೋಗಿ ನೋಡಿಕೊಂಡು ಬನ್ನಿ’ ಎಂದು ನಮ್ಮ ಮಾಲೀಕರು ಡಿಸೆಂಬರ್‌ನಲ್ಲಿ ನನ್ನನ್ನು ಕಳಿಸಿದರು.

ಹನೋಯ್‌ನಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿದೆ ಕ್ವಾಂಗ್ ಫು ಕೌ. ಆ ಕಡೆ ಒಂದೊಂದು ಊರಿಗೂ ಒಂದೊಂದು ಕಸುಬು. ಬಾಟ್ ಚಾಂಗ್ ಅಂದರೆ ಪಿಂಗಾಣಿ, ವಾನ್ ಫುಕ್ ಅಂದರೆ ರೇಷ್ಮೆ. ಇದು ಊದುಬತ್ತಿಯ ಊರು. ನೂರು ವರ್ಷಕ್ಕೂ ಹಿಂದಿನಿಂದ ಇಲ್ಲಿಯ ಮನೆಗಳು ಬದುಕುತ್ತಿರುವುದು ಇದರಿಂದಲೇ.

ಬಿದಿರನ್ನು ಅಳತೆಗೆ ಕೊಯ್ದು, ಸೀಳಿ, ಪಟ್ಟಿ ಮಾಡಿ, ದುಂಡು ಕಡ್ಡಿ ಎಳೆಯುವುದಕ್ಕೆ ಈಗ ಮೆಷಿನ್ ಬಂದಿದೆ. ಒಣಗಿಸುವುದು ಮಾತ್ರ ಬಿಸಿಲೇ. ಅಂಗಳ, ರಸ್ತೆಯ ಅಂಚು, ಎಲ್ಲಿ ಜಾಗ ಇದೆಯೋ ಅಲ್ಲೆಲ್ಲ ಕಡ್ಡಿ. ತಮ್ಮ ದೇಶದ ಬತ್ತಿಗೆ ಬೇಕಾದ ಕಡ್ಡಿಯ ಬುಡಕ್ಕೆ ಕೆಂಪು ಬಣ್ಣ ಅದ್ದುತ್ತಾರೆ. ಆಮೇಲೆ ಕಟ್ಟಿನ ಒಂದು ತುದಿ ಬಿಗಿದು ಇನ್ನೊಂದು ತುದಿಯನ್ನು ಹೂವಿನ ಹಾಗೆ ಅರಳಿಸಿ ನಿಲ್ಲಿಸುತ್ತಾರೆ. ಆ ಫೋಟೋಗಳನ್ನು ನೀವೂ ನೋಡಿರುತ್ತೀರಿ ಅಲ್ವಾ? ಅಂದಕ್ಕೆ ಹಾಗೆ ಜೋಡಿಸುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಪ್ರತಿ ಕಡ್ಡಿಗೂ ಗಾಳಿ ಆಡಲಿ ಅಂತ ಅರಳಿಸುವುದು.

ಒಬ್ಬ ಹಿರಿಯ ಹೆಂಗಸು ಕಟ್ಟುಗಳನ್ನು ತಿರುಗಿಸಿಡುತ್ತಿದ್ದರು. ದುಭಾಷಿ ಹುಡುಗಿ ಅವರನ್ನು ‘ಬಾ’ ಎಂದಳು. ಅಂದರೆ ಅಜ್ಜಿ. ನಾನೂ ಹಾಗೇ ಕರೆದು, ಕಡ್ಡಿ ಯಾಕೆ ಬೂಷ್ಟು ಹಿಡಿಯುತ್ತದೆ ಎಂದು ಕೇಳಿದೆ. ಅವರು ನನ್ನನ್ನೇ ತಿರುಗಿ ಕೇಳಿದರು, ‘ಯಾವ ತಿಂಗಳಲ್ಲಿ ತರಿಸಿದ್ದೆ?’

ಫೆಬ್ರವರಿ ಅಂದೆ. ಅವರು ತಲೆಯಾಡಿಸಿದರು.

ಟೆಟ್ ಅಂದರೆ ಅವರ ಹೊಸ ವರ್ಷದ ಹಬ್ಬ. ಚಾಂದ್ರಮಾನದ ಲೆಕ್ಕ, ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುತ್ತದೆ. ಹಿರಿಯರ ಪೂಜೆಗೆ ಪ್ರತಿ ಮನೆಗೂ ಬತ್ತಿ ಬೇಕು, ಹಾಗಾಗಿ ಅದಕ್ಕೆ ಮುಂಚಿನ ವಾರಗಳಲ್ಲಿ ಊರಿಗೆ ಪುರುಸೊತ್ತಿಲ್ಲ. ಹಬ್ಬದಲ್ಲಿ ಕೆಲಸ ನಿಲ್ಲುತ್ತದೆ. ಹಬ್ಬ ಮುಗಿಯುವ ಹೊತ್ತಿಗೆ ಉತ್ತರ ವಿಯೆಟ್ನಾಂನಲ್ಲಿ ಜಿನುಗು ಮಳೆ ಹಿಡಿದಿರುತ್ತದೆ. ಗಾಳಿ ಎಷ್ಟು ತೇವ ಅಂದರೆ ನೆಲ, ಗೋಡೆಗಳೇ ಬೆವರುತ್ತವೆ. ಇದಕ್ಕೆ ಅವರು ‘ನೋಮ್’ ಎನ್ನುತ್ತಾರೆ. ಬಟ್ಟೆಯೇ ಒಣಗದ ದಿನಗಳಲ್ಲಿ ಬಿದಿರು ಒಣಗುತ್ತದೆಯೇ? ಅರೆ ಒಣಗಿದ ಕಡ್ಡಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಮುಚ್ಚಿ ಸಮುದ್ರದ ಮೇಲೆ ಕಳಿಸಿದರೆ ಬೂಷ್ಟು ಬರದೇ ಇರುತ್ತದೆಯೇ?

ಮೂರು ವಾರದಲ್ಲಿ ಮಾಲು ಕಳಿಸಿ ಎಂದು ಜನವರಿ ಕೊನೆಯಲ್ಲಿ ಒತ್ತಾಯ ಮಾಡಿದವನು ನಾನು. ‘ಹಬ್ಬ ಇದೆ, ಹವಾ ಸರಿಯಿಲ್ಲ’ ಎಂದು ಅವರು ಬರೆದಿದ್ದರು. ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದು ನಾನು ಉತ್ತರ ಕೊಟ್ಟಿದ್ದೆ. ಮೋಸ ಅವರದ್ದಲ್ಲ, ತಪ್ಪು ನನ್ನದು. ವಾಪಸ್ ಬಂದು ಹಿಡಿದಿದ್ದ ಹಣ ಬಿಡುಗಡೆ ಮಾಡಿಸಿದೆ. ನಮ್ಮ ಲೆಕ್ಕದ ವಿಭಾಗದವರನ್ನು ಒಪ್ಪಿಸುವುದಕ್ಕೆ ಎರಡು ತಿಂಗಳು ಹಿಡಿಯಿತು.

ಆಮೇಲೆ ಸೆಪ್ಟೆಂಬರ್‌ನಲ್ಲೇ ಆರ್ಡರ್ ಹಾಕತೊಡಗಿದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಒಣ ಬಿಸಿಲಿನಲ್ಲಿ ಕಡ್ಡಿ ಒಣಗಿ, ಟೆಟ್‌ಗೆ ಮುಂಚೆಯೇ ಹಡಗು ಹತ್ತಬೇಕು. ಗೋದಾಮಿನಲ್ಲಿ ದುಡ್ಡು ಜಾಸ್ತಿ ದಿನ ಕೂರುತ್ತದೆ, ನಿಜ. ಕೊಳೆತ ಕಡ್ಡಿಯ ನಷ್ಟ ಅದಕ್ಕಿಂತ ದೊಡ್ಡದು.

2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಆಮದು ಸುಂಕ ಶೇ 10ರಿಂದ 25ಕ್ಕೆ ಏರಿತು. ನಮ್ಮ ದೇಶದ ಬಿದಿರು ಕೆಲಸಗಾರರಿಗೂ ಕೆಲಸ ಸಿಗಬೇಕು, ಅದು ಸರಿಯೇ. ಈಗ ದುಂಡು ಕಡ್ಡಿಯನ್ನೂ ಒಂದಷ್ಟು ತ್ರಿಪುರದಿಂದ ತರಿಸುತ್ತೇವೆ. ಅಲ್ಲಿಯವರಿಗೆ ಮೊದಲ ಸಲ ಫೋನ್ ಮಾಡಿದಾಗ ದರ ಕೇಳಲಿಲ್ಲ. ನಿಮ್ಮಲ್ಲಿ ಬಿಸಿಲು ಎಲ್ಲಿಯವರೆಗೆ ಇರುತ್ತದೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏಪ್ರಿಲ್‌ನಲ್ಲಿ ಮಳೆ ಶುರುವಾಗುತ್ತದೆ ಸಾರ್, ಅದಕ್ಕೆ ಮುಂಚೆ ಹೇಳಿಬಿಡಿ’ ಎಂದರು.